ಬಣ್ಣ, ತೂಕ ಮತ್ತು ಸರಾಸರಿ

ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನ ನಮ್ಮ ಊರುಗಳಲ್ಲಿ ಮಕ್ಕಳನ್ನು ಕೇಳುವ ಪ್ರಶ್ನೆ ಮೂರು ತಲೆಮಾರುಗಳಲ್ಲಿ ಮೂರು ಬಾರಿ ಮಾತು ಬದಲಿಸಿಕೊಂಡಿದೆ. ನಮ್ಮ ಹಿರಿಯರ ಕಾಲದಲ್ಲಿ ‘ಪಾಸೋ ನಪಾಸೋ’ ಎಂದು ಕೇಳುತ್ತಿದ್ದರು. ನಾವು ಓದುವ ಹೊತ್ತಿಗೆ ಅದು ‘ಯಾವ ದರ್ಜೆ? ಶೇಕಡಾ ಎಷ್ಟು?’ ಎಂದಾಯಿತು. ಈಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಯಾವ ಓಣಿಗೆ ಹೋದರೂ ‘ಸಿಜಿಪಿಎ ಎಷ್ಟು?’ ಎಂಬ ಮಾತು ಕಿವಿಗೆ ಬೀಳುತ್ತದೆ. ಹುಡುಗಿ ‘7.30’ ಎನ್ನುತ್ತಾಳೆ. ಕಟ್ಟೆಯ ಮೇಲೆ ಕುಳಿತ ಅಜ್ಜನಿಗೆ ಅದು ವಾಡಿ ಜಂಕ್ಷನ್ನಿಗೆ ಬರುವ ಗಾಡಿಯ ವೇಳೆಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಈ ಸಂಖ್ಯೆಯ ಮೇಲೆ ಇಂದು ಬಹಳಷ್ಟು ನಿಂತಿದೆ. ಮುಂದಿನ ಓದಿಗೆ ಪ್ರವೇಶ, ವಿದ್ಯಾರ್ಥಿವೇತನ, ಕೆಲಸದ ಸಂದರ್ಶನಕ್ಕೆ ಕರೆ, ಇವೆಲ್ಲ ದಶಮಾಂಶ ಬಿಂದುವಿನ ಆಚೆಯ ಎರಡು ಅಂಕೆಗಳನ್ನು ನೋಡಿ ತೀರ್ಮಾನವಾಗುವುದುಂಟು. ಹೀಗಿರುವಲ್ಲಿ ಆ ಸಂಖ್ಯೆ ಹುಟ್ಟುವ ಬಗೆಯನ್ನೂ ಅದರ ಹಿಂದಿನ ಚರಿತ್ರೆಯನ್ನೂ ತಿಳಿದಿರುವುದು ಒಳ್ಳೆಯದು. ನಾನು ಗಣಿತಜ್ಞನಲ್ಲ; ಕನ್ನಡ ಎಂ.ಎ. ಓದಿ ಕನ್ನಡವನ್ನೇ ಪಾಠ ಹೇಳಿ ನಿವೃತ್ತನಾದವನು. ಆದರೆ ಈ ಲೆಕ್ಕದ ಕಥೆ ನಮ್ಮ ನೆಲಕ್ಕೂ ನಮ್ಮ ಸಾಹಿತ್ಯಕ್ಕೂ ಅನ್ಯವಾದುದಲ್ಲ. ಅದನ್ನು ಹೇಳಲೆಂದೇ ಈ ಮಾತುಗಳು.

ಮೊದಲು ಲೆಕ್ಕವನ್ನೇ ನೋಡೋಣ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಪ್ರತಿಯೊಂದು ಪತ್ರಿಕೆಗೂ ಇಷ್ಟು ‘ಕ್ರೆಡಿಟ್’ ಎಂದು ಗೊತ್ತುಮಾಡಲಾಗುತ್ತದೆ. ವಾರಕ್ಕೆ ಒಂದು ಗಂಟೆಯ ಪಾಠ, ಇಲ್ಲವೆ ಎರಡು ಗಂಟೆಯ ಪ್ರಯೋಗ, ಇದು ಒಂದು ಕ್ರೆಡಿಟ್ಟಿನ ಅಳತೆ. ವಿದ್ಯಾರ್ಥಿ ಪಡೆದ ಅಂಕಗಳು ಒಂದು ಅಕ್ಷರವಾಗಿಯೂ ಆ ಅಕ್ಷರವು ಒಂದು ಸಂಖ್ಯೆಯಾಗಿಯೂ ಮಾರ್ಪಡುತ್ತವೆ. ‘ಓ’ ಎಂದರೆ 10, ‘ಎ ಪ್ಲಸ್’ 9, ‘ಎ’ 8, ‘ಬಿ ಪ್ಲಸ್’ 7, ‘ಬಿ’ 6, ‘ಸಿ’ 5, ‘ಪಿ’ 4, ಅನುತ್ತೀರ್ಣತೆಗೆ ಸೊನ್ನೆ. ಪ್ರತಿ ಪತ್ರಿಕೆಯ ಕ್ರೆಡಿಟ್ಟನ್ನು ಅದರಲ್ಲಿ ಬಂದ ಗ್ರೇಡ್ ಪಾಯಿಂಟಿನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್ಟುಗಳಿಂದ ಭಾಗಿಸಿದರೆ ಆ ಸೆಮಿಸ್ಟರಿನ ಸರಾಸರಿ ದೊರೆಯುತ್ತದೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಕನ್ನಡಕ್ಕೆ 3 ಕ್ರೆಡಿಟ್, ಬಂದದ್ದು 9, ಗುಣಲಬ್ಧ 27. ಇಂಗ್ಲಿಷಿಗೆ 3 ಕ್ರೆಡಿಟ್, ಬಂದದ್ದು 6, ಗುಣಲಬ್ಧ 18. ಇತಿಹಾಸಕ್ಕೆ 5 ಕ್ರೆಡಿಟ್, ಬಂದದ್ದು 7, ಗುಣಲಬ್ಧ 35. ಅರ್ಥಶಾಸ್ತ್ರಕ್ಕೆ 5 ಕ್ರೆಡಿಟ್, ಬಂದದ್ದು 6, ಗುಣಲಬ್ಧ 30. ಎರಡೆರಡು ಕ್ರೆಡಿಟ್ಟಿನ ಇನ್ನೆರಡು ಸಣ್ಣ ಪತ್ರಿಕೆಗಳಲ್ಲಿ 8 ಮತ್ತು 10. ಗುಣಲಬ್ಧ 16 ಮತ್ತು 20. ಒಟ್ಟು 146. ಕ್ರೆಡಿಟ್ಟುಗಳು 20. ಭಾಗಿಸಿದರೆ 7.30. ಆರು ಪತ್ರಿಕೆಗಳ ಗ್ರೇಡ್ ಪಾಯಿಂಟುಗಳನ್ನು ಸುಮ್ಮನೆ ಕೂಡಿಸಿ ಆರರಿಂದ ಭಾಗಿಸಿದ್ದರೆ 7.67 ಬರುತ್ತಿತ್ತು. ಹಲವು ಮನೆಗಳಲ್ಲಿ ‘ನಮ್ಮ ಲೆಕ್ಕಕ್ಕೂ ಅಂಕಪಟ್ಟಿಗೂ ತಾಳೆಯಾಗುತ್ತಿಲ್ಲ’ ಎಂಬ ಗೊಂದಲ ಹುಟ್ಟುವುದು ಇಲ್ಲಿಯೇ.

ಎರಡು ಸೆಮಿಸ್ಟರುಗಳನ್ನು ಸೇರಿಸುವಾಗಲೂ ಇದೇ ಎಚ್ಚರ ಬೇಕು. ಮೊದಲನೆಯದರಲ್ಲಿ 20 ಕ್ರೆಡಿಟ್ಟಿಗೆ 7.30, ಎರಡನೆಯದರಲ್ಲಿ 24 ಕ್ರೆಡಿಟ್ಟಿಗೆ 8.00 ಬಂದಿದ್ದರೆ, ಅವೆರಡನ್ನೂ ಕೂಡಿಸಿ ಅರ್ಧಮಾಡಿ 7.65 ಎನ್ನಲಾಗದು. 146ಕ್ಕೆ 192 ಸೇರಿಸಿ 44ರಿಂದ ಭಾಗಿಸಬೇಕು, ಆಗ 7.68 ಬರುತ್ತದೆ. ಸಿಜಿಪಿಎ ಎಂದು ನಾವು ಕರೆಯುವುದು ಇದನ್ನೇ.

ನನ್ನ ವಿದ್ಯಾರ್ಥಿಗಳು ಇದನ್ನು ಕೇಳಿಕೊಂಡು ಬಂದಾಗ ನಾನು ಛಂದಸ್ಸಿನ ಮೂಲಕ ಹೇಳುತ್ತಿದ್ದೆ. ಕಂದಪದ್ಯದಲ್ಲಿ ನಾವು ಅಕ್ಷರಗಳನ್ನು ಎಣಿಸುವುದಿಲ್ಲ, ಮಾತ್ರೆಗಳನ್ನು ಎಣಿಸುತ್ತೇವೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಎರಡು ಕಂದಗಳಲ್ಲಿ ಅಕ್ಷರಗಳ ಸಂಖ್ಯೆ ಬೇರೆಬೇರೆಯಾಗಿದ್ದರೂ ಎರಡರಲ್ಲೂ ಅರವತ್ತನಾಲ್ಕು ಮಾತ್ರೆಗಳೇ ಇರಬೇಕು. ಹಾಗೆಯೇ ಇಲ್ಲಿ ಎಲ್ಲ ಪತ್ರಿಕೆಗಳೂ ಒಂದೇ ತೂಕದವಲ್ಲ. ಕೆಲವು ಗುರು, ಕೆಲವು ಲಘು. ಕ್ರೆಡಿಟ್ ಎಂಬುದು ಪತ್ರಿಕೆಯ ಮಾತ್ರೆ. ಈ ಮಾತು ಹೇಳಿದೊಡನೆ ಕಲಾ ವಿಭಾಗದ ಹುಡುಗರ ಮುಖ ಅರಳುತ್ತಿತ್ತು. ಗಣಿತವೆಂದರೆ ಹೆದರುವ ಅವರು ಪ್ರಸ್ತಾರ ಹಾಕುವಾಗ ತಮಗೆ ಅರಿವಿಲ್ಲದೆಯೇ ಇಂಥ ಲೆಕ್ಕವನ್ನು ಮಾಡುತ್ತಲೇ ಬಂದಿದ್ದರು.

ಆದರೆ ಈ ಲೆಕ್ಕಕ್ಕೆ ಛಂದಸ್ಸಿಗಿಂತ ಹತ್ತಿರದ ಪೂರ್ವಜನೊಬ್ಬನಿದ್ದಾನೆ. ಅವನನ್ನು ಕಾಣಲು ನಾವು ಸೇಡಂ ತಾಲೂಕನ್ನು ಬಿಟ್ಟು ಹೋಗಬೇಕಾಗಿಲ್ಲ. ಕಾಗಿಣಾ ನದಿಯ ದಡದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಹೆಸರು ಬಂದೊಡನೆ ನಮಗೆ ನೆನಪಾಗುವುದು ‘ಕವಿರಾಜಮಾರ್ಗ’, ಅದು ಸಹಜ. ಆದರೆ ಅದೇ ದೊರೆಯನ್ನು ಹೊಗಳಿ ಆರಂಭವಾಗುವ ಮತ್ತೊಂದು ಗ್ರಂಥವಿದೆ. ಅದು ಕ್ರಿ.ಶ. 850ರ ಸುಮಾರಿನಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಇದನ್ನು ಅಚ್ಚುಹಾಕಿಸಿದ ಮೇಲೆ ಹೊರಜಗತ್ತಿಗೆ ಮಹಾವೀರನ ಹೆಸರು ತಿಳಿಯಿತು.

ಈ ಗ್ರಂಥದ ಮಿಶ್ರಕವ್ಯವಹಾರವೆಂಬ ಪ್ರಕರಣದಲ್ಲಿ ಚಿನ್ನದ ಲೆಕ್ಕಗಳಿವೆ. ಚಿನ್ನದ ಶುದ್ಧತೆಯನ್ನು ಆಗ ‘ವರ್ಣ’ದಿಂದ, ಅಂದರೆ ಬಣ್ಣದಿಂದ ಅಳೆಯುತ್ತಿದ್ದರು. ಅಪ್ಪಟ ಚಿನ್ನಕ್ಕೆ ಹದಿನಾರು ಬಣ್ಣ. ಬೆರಕೆ ಹೆಚ್ಚಿದಂತೆ ಬಣ್ಣ ಇಳಿಯುತ್ತದೆ. ಬೇರೆಬೇರೆ ಬಣ್ಣದ, ಬೇರೆಬೇರೆ ತೂಕದ ಚಿನ್ನದ ತುಂಡುಗಳನ್ನು ಒಂದೇ ಮೂಸೆಯಲ್ಲಿ ಕರಗಿಸಿದರೆ ಬರುವ ಗಟ್ಟಿಯ ಬಣ್ಣವೆಷ್ಟು? ಪ್ರತಿ ತುಂಡಿನ ತೂಕವನ್ನು ಅದರ ಬಣ್ಣದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ತೂಕದಿಂದ ಭಾಗಿಸು ಎನ್ನುತ್ತದೆ ಸೂತ್ರ. ಹದಿನಾರು ಬಣ್ಣದ 4 ಗದ್ಯಾಣ, ಹನ್ನೆರಡು ಬಣ್ಣದ 8 ಗದ್ಯಾಣ, ಹತ್ತು ಬಣ್ಣದ 4 ಗದ್ಯಾಣ ಎಂದಿಟ್ಟುಕೊಳ್ಳಿ. 64, 96, 40 ಕೂಡಿದರೆ 200; ಒಟ್ಟು ತೂಕ 16; ಗಟ್ಟಿಯ ಬಣ್ಣ ಹನ್ನೆರಡೂವರೆ. ತೂಕದ ಜಾಗದಲ್ಲಿ ಕ್ರೆಡಿಟ್ಟನ್ನೂ ಬಣ್ಣದ ಜಾಗದಲ್ಲಿ ಗ್ರೇಡ್ ಪಾಯಿಂಟನ್ನೂ ಇಟ್ಟು ನೋಡಿ. ಮಳಖೇಡದ ದೊರೆಯ ಕಾಲದ ಅಕ್ಕಸಾಲೆಯ ಲೆಕ್ಕವೂ ಇಂದಿನ ಪರೀಕ್ಷಾಂಗ ಕುಲಸಚಿವರ ಗಣಕಯಂತ್ರದ ಲೆಕ್ಕವೂ ಒಂದೇ.

ಮಹಾವೀರನು ಸರಾಸರಿಗೆ ಬಳಸಿದ ಇನ್ನೊಂದು ಮಾತು ‘ಸಮೀಕರಣ’. ಏರುತಗ್ಗಾಗಿರುವ ಅಳತೆಗಳನ್ನು ಸಮ ಮಾಡುವುದು ಎಂದು ಅದರ ಅರ್ಥ. ತೋಡಿದ ಗುಂಡಿಯ ಆಳ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇದ್ದಾಗ ಎಷ್ಟು ಮಣ್ಣು ಹೊರಬಿತ್ತೆಂದು ತಿಳಿಯಲು ಈ ಸಮಗೊಳಿಸುವಿಕೆ ಬೇಕು. ಇಂದು ಶಾಲೆಯ ಗಣಿತದಲ್ಲಿ ಸಮೀಕರಣವೆಂದರೆ ಬೇರೊಂದು ವಿಷಯ. ನಾವೀಗ ಬಳಸುವ ‘ಸರಾಸರಿ’ ಎಂಬ ಮಾತು ಪಾರಸಿಯಿಂದ ಬಂದುದು. ರಾಜ್ಯ ಬದಲಾದಾಗ ಮಾತು ಬದಲಾಗುತ್ತದೆ. ಲೆಕ್ಕ ಮಾತ್ರ ಉಳಿದುಕೊಳ್ಳುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗ್ರಂಥಾರಂಭದಲ್ಲಿ ಮಹಾವೀರನು ಗಣಿತ ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೆಂದು ಉದ್ದವಾದ ಪಟ್ಟಿಯನ್ನೇ ಕೊಡುತ್ತಾನೆ. ಅರ್ಥಶಾಸ್ತ್ರ, ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತುವಿದ್ಯೆ, ಛಂದಸ್ಸು, ಅಲಂಕಾರ, ತರ್ಕ, ವ್ಯಾಕರಣ ಎಲ್ಲವೂ ಅದರಲ್ಲಿವೆ. ಆ ಪಟ್ಟಿಯಲ್ಲಿ ವಿದ್ಯಾರ್ಥಿಯನ್ನು ಅಳೆಯುವ ಪ್ರಸ್ತಾಪ ಮಾತ್ರ ಇಲ್ಲ. ವಿದ್ಯಾಸಂಸ್ಥೆಗಳಿರಲಿಲ್ಲವೆಂದಲ್ಲ. ಚಿತ್ತಾಪುರದ ನೆರೆಯಲ್ಲೇ ಇರುವ ನಾಗಾವಿಯ ಘಟಿಕಾಸ್ಥಾನವನ್ನು ನೆನೆಯಿರಿ. ಚಾಳುಕ್ಯರ ಕಾಲದ, 1058ರ ಅಲ್ಲಿನ ಶಾಸನದಲ್ಲಿ ವೇದವನ್ನೋದುವ ಇನ್ನೂರು ಮಂದಿ ವಿದ್ಯಾರ್ಥಿಗಳ, ಶಾಸ್ತ್ರಗಳನ್ನೋದುವವರ, ಉಪಾಧ್ಯಾಯರ, ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗಳ ವಿವರವಿದೆ. ಅವರ ನಿರ್ವಾಹದ ಏರ್ಪಾಡಿದೆ. ಓದಿದವರ ಸಂಖ್ಯೆಯನ್ನು ಕಲ್ಲಿನಲ್ಲಿ ಕೊರೆದ ಆ ಕಾಲ ಓದಿನ ಫಲವನ್ನು ಸಂಖ್ಯೆಯಲ್ಲಿ ಕೊರೆಯಲಿಲ್ಲ. ಗುರುವಿಗೆ ಶಿಷ್ಯನ ಪರಿಚಯವಿತ್ತು. ಸಂಖ್ಯೆಯ ಅಗತ್ಯ ಬೀಳಲಿಲ್ಲ.

ಹಾಗಾದರೆ ಚಿನ್ನದ ಲೆಕ್ಕ ವಿದ್ಯಾರ್ಥಿಯ ಮೇಲೆ ಬಂದದ್ದು ಎಂದು? ನನಗೆ ತೋರುವಂತೆ, ಗುರುವಿಗೆ ಪರಿಚಯವಿಲ್ಲದ ವಿದ್ಯಾರ್ಥಿಯನ್ನು ಅಪರಿಚಿತರು ಅಳೆಯಬೇಕಾಗಿ ಬಂದಾಗ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪಿತವಾದವು. ಅವುಗಳ ಮುಖ್ಯ ಕೆಲಸ ಪರೀಕ್ಷೆ ನಡೆಸುವುದೇ ಆಗಿತ್ತು. ಉತ್ತರಪತ್ರಿಕೆ ಎಲ್ಲಿಯೋ ಹೋಗುತ್ತದೆ, ಯಾರೋ ಓದುತ್ತಾರೆ, ಒಂದು ಸಂಖ್ಯೆ ಮರಳಿ ಬರುತ್ತದೆ. ಅದರಿಂದ ಮೊದಲ, ಎರಡನೆಯ, ಮೂರನೆಯ ದರ್ಜೆಗಳು ಹುಟ್ಟಿದವು.

ನಮ್ಮ ಐದು ಊರುಗಳು ಆಗ ನಿಜಾಮರ ರಾಜ್ಯದಲ್ಲಿದ್ದವು. 1874ರಲ್ಲಿ ಸಿಕಂದರಾಬಾದಿನಿಂದ ವಾಡಿಗೆ ರೈಲು ಬಂದಿತು. ಮುಂಬಯಿ–ಮದರಾಸು ಮಾರ್ಗವನ್ನು ಅದು ವಾಡಿಯಲ್ಲಿ ಕೂಡಿಕೊಂಡಿತು. ಸೇಡಂ, ಚಿತ್ತಾಪುರಗಳ ಹುಡುಗರಿಗೆ ಉನ್ನತ ವಿದ್ಯೆಯೆಂದರೆ ಆ ಹಳಿಯ ಪೂರ್ವದ ತುದಿ, ಹೈದರಾಬಾದು. 1918ರಲ್ಲಿ ಅಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾಯಿತು. ಇಂಗ್ಲಿಷನ್ನು ಬಿಟ್ಟು ದೇಶಭಾಷೆಯೊಂದರಲ್ಲಿ, ಉರ್ದುವಿನಲ್ಲಿ, ಉನ್ನತ ಶಿಕ್ಷಣವನ್ನು ಕೊಡಲು ಹೊರಟ ಆ ಸಾಹಸ ನಿಜಕ್ಕೂ ದೊಡ್ಡದು. ಆದರೆ ಮನೆಯಲ್ಲಿ ಕನ್ನಡವಾಡುವ ಹುಡುಗನಿಗೆ ಗಣಿತದ ಪ್ರಶ್ನೆಯೂ ಚರಿತ್ರೆಯ ಪ್ರಶ್ನೆಯೂ ಉರ್ದುವಿನಲ್ಲೇ ಎದುರಾಗುತ್ತಿದ್ದವು. ಅವನಿಗೆ ಬಂದ ಅಂಕಗಳಲ್ಲಿ ಅವನ ಗಣಿತವೆಷ್ಟು, ಅವನ ಉರ್ದುವೆಷ್ಟು ಎಂದು ಯಾರೂ ಬಿಡಿಸಿ ಹೇಳುವಂತಿರಲಿಲ್ಲ. ಅಂಕದಲ್ಲಿ ಕಾಣದ ತೂಕವೊಂದು ಸೇರಿಕೊಳ್ಳುವುದಕ್ಕೆ ನಮ್ಮ ಭಾಗದ ಚರಿತ್ರೆ ಕೊಡುವ ಮೊದಲ ನಿದರ್ಶನ ಇದು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ವಿದ್ಯಾರ್ಥಿಗಳ ಮುಖ ಹೈದರಾಬಾದಿನಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆಗೆ ತಿರುಗಿತು. 1970ರಲ್ಲಿ ಅದರ ಸ್ನಾತಕೋತ್ತರ ಕೇಂದ್ರ ಗುಲ್ಬರ್ಗದಲ್ಲಿ ತೆರೆಯಿತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಸ್ವತಂತ್ರವಾಯಿತು. ನನ್ನ ಪೀಳಿಗೆಯವರು ಓದಿದ್ದು ಆ ಹೊಸ ಆವರಣದಲ್ಲಿ. ಆಗಿನ ಅಳತೆ ದರ್ಜೆ ಮತ್ತು ಶೇಕಡಾ. ಅರವತ್ತು ಬಂದರೆ ಪ್ರಥಮ ದರ್ಜೆ. ಐವತ್ತೊಂಬತ್ತೂವರೆ ಬಂದವನು ಬದುಕಿಡೀ ದ್ವಿತೀಯ ದರ್ಜೆಯವನು. ಆ ಅರ್ಧ ಅಂಕದ ಅಂತರವನ್ನು ನಮ್ಮಲ್ಲಿ ಅನೇಕರು ನಿವೃತ್ತಿಯವರೆಗೂ ಹೊತ್ತು ತಿರುಗಿದುದನ್ನು ನಾನು ಕಂಡಿದ್ದೇನೆ.

‘ದರ್ಜೆ’ ಎಂಬುದು ಅರಬ್ಬಿಯಿಂದ ಬಂದ ಮಾತು, ಮೂಲಾರ್ಥ ಮೆಟ್ಟಿಲು. ‘ಗ್ರೇಡ್’ ಎಂಬುದು ಲ್ಯಾಟಿನ್ನಿನಿಂದ ಬಂದ ಮಾತು. ಅದರ ಮೂಲಾರ್ಥವೂ ಮೆಟ್ಟಿಲೇ, ಹೆಜ್ಜೆಯೇ. ಹಳೆಯ ಪದ್ಧತಿ ಹೋಗಿ ಹೊಸದು ಬಂತೆಂದು ನಾವು ಹೇಳುವಾಗ ಒಂದು ಮೆಟ್ಟಿಲ ಸಾಲಿನ ಬದಲು ಇನ್ನೊಂದು ಮೆಟ್ಟಿಲ ಸಾಲು ಬಂದಿದೆ ಅಷ್ಟೆ.

ಈ ಎರಡನೆಯ ಮೆಟ್ಟಿಲ ಸಾಲು ಕಟ್ಟಿದ್ದು ಅಮೆರಿಕದಲ್ಲಿ. 1785ರಲ್ಲಿ ಯೇಲ್ ಕಾಲೇಜಿನ ಅಧ್ಯಕ್ಷ ಎಜ್ರಾ ಸ್ಟೈಲ್ಸ್ ತನ್ನ ವಿದ್ಯಾರ್ಥಿಗಳನ್ನು ಲ್ಯಾಟಿನ್ ಹೆಸರುಗಳ ನಾಲ್ಕು ಗುಂಪುಗಳಾಗಿ ವಿಂಗಡಿಸಿದುದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. 1897ರ ಹೊತ್ತಿಗೆ ಮೌಂಟ್ ಹೋಲಿಯೋಕ್ ಎಂಬ ಮಹಿಳಾ ಕಾಲೇಜಿನಲ್ಲಿ ಅಂಕಗಳನ್ನು ಅಕ್ಷರಗಳಾಗಿ ಸೂಚಿಸುವ ಪದ್ಧತಿ ಬಳಕೆಗೆ ಬಂದಿತ್ತು. ಆದರೆ ತೂಕ ಹಾಕುವ ಅಗತ್ಯ ಬಿದ್ದದ್ದು ಬೇರೊಂದು ಕಾರಣಕ್ಕೆ. 1869ರಿಂದ 1909ರವರೆಗೆ ಹಾರ್ವರ್ಡಿನ ಅಧ್ಯಕ್ಷನಾಗಿದ್ದ ಚಾರ್ಲ್ಸ್ ಎಲಿಯಟ್ ವಿದ್ಯಾರ್ಥಿಗೆ ತನ್ನ ವಿಷಯಗಳನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕೊಟ್ಟನು. ಎಲ್ಲರೂ ಒಂದೇ ವಿಷಯಗಳನ್ನು ಓದುವಾಗ ಒಟ್ಟು ಅಂಕಗಳನ್ನು ಹೋಲಿಸಿದರೆ ಸಾಕು. ಒಬ್ಬ ರಸಾಯನಶಾಸ್ತ್ರವನ್ನೂ ಇನ್ನೊಬ್ಬ ಗ್ರೀಕ್ ಕಾವ್ಯವನ್ನೂ ಓದುವಾಗ ಹೋಲಿಸುವುದಕ್ಕೆ ಒಂದು ಸಮಾನ ನಾಣ್ಯ ಬೇಕು. ಪಾಠದ ಗಂಟೆಯೇ ಆ ನಾಣ್ಯವಾಯಿತು. 1906ರಿಂದಾಚೆಗೆ ಕಾರ್ನೆಗಿ ಪ್ರತಿಷ್ಠಾನ ಗಂಟೆಗಳ ಅಳತೆಯನ್ನು ದೇಶದುದ್ದಕ್ಕೂ ಒಂದೇ ಆಗಿಸಲು ಶ್ರಮಿಸಿತು. ‘ಕ್ರೆಡಿಟ್’ ಎಂಬ ಮಾತಿಗೆ ನಂಬಿಕೆ ಎಂದು ಅರ್ಥ. ನಮ್ಮ ಸಹಕಾರಿ ಸಂಘಗಳ ಹಲಗೆಗಳ ಮೇಲೆ ಅದನ್ನು ‘ಪತ್ತು’ ಎಂದು ಬರೆದಿರುತ್ತಾರೆ. ಇಷ್ಟು ಗಂಟೆ ಓದಿದ್ದಾನೆಂದು ನಂಬಿ ಕೊಟ್ಟ ಪತ್ತು ಅದು.

ಭಾರತಕ್ಕೆ ಈ ಪದ್ಧತಿ ಬಂದದ್ದು ನಮ್ಮ ಸಾಮಾನ್ಯ ಕಾಲೇಜುಗಳ ಬಾಗಿಲಿನಿಂದಲ್ಲ. 1960ರಲ್ಲಿ ಆರಂಭವಾದ ಕಾನ್ಪುರದ ಐಐಟಿ ಅಮೆರಿಕದ ನೆರವಿನೊಡನೆ ಬೆಳೆದು, ಸೆಮಿಸ್ಟರನ್ನೂ ಅಕ್ಷರಶ್ರೇಣಿಯನ್ನೂ ರೂಢಿಗೆ ತಂದಿತು. ಕರ್ನಾಟಕದಲ್ಲಿ ಗ್ರೇಡ್ ಪಾಯಿಂಟಿನ ಲೆಕ್ಕಕ್ಕೆ ಆರಂಭದ ಮನೆಯಾದದ್ದು ಕೃಷಿ ಶಿಕ್ಷಣ. 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾಲಯ ಅಮೆರಿಕದ ಕೃಷಿ ಕಾಲೇಜುಗಳ ಮಾದರಿಯನ್ನು ಅನುಸರಿಸಿತು. ರೈತರ ಮಕ್ಕಳು ‘ಓಜಿಪಿಎ’ ಎಂಬ ಮಾತನ್ನು ಬಿ.ಎ. ಓದುವವರಿಗಿಂತ ಎಷ್ಟೋ ಮೊದಲೇ ಬಲ್ಲವರಾದರು. ತೊಗರಿಯ ನಾಡಾದ ನಮ್ಮ ಜಿಲ್ಲೆಯಿಂದ ಕೃಷಿ ಓದಲು ಹೋದವನೊಬ್ಬ ರಜೆಗೆ ಬಂದಾಗ ‘ನನಗೆ ಮೂರೂಕಾಲು ಬಂದಿದೆ’ ಎಂದರೆ ಊರಿನವರು ಮರುಗುತ್ತಿದ್ದರು. ನಾಲ್ಕಕ್ಕೆ ಮೂರೂಕಾಲು ಎಂದು ಅವನು ಬಿಡಿಸಿ ಹೇಳಬೇಕಾಗುತ್ತಿತ್ತು.

ಉಳಿದ ಕಡೆ ಮಾತು ಮುಂದೆ ನಡೆಯಿತು, ಕಾರ್ಯ ಹಿಂದೆ ಉಳಿಯಿತು. 1948–49ರ ರಾಧಾಕೃಷ್ಣನ್ ಆಯೋಗ, ವಿಶ್ವವಿದ್ಯಾಲಯಗಳಲ್ಲಿ ಒಂದೇ ಒಂದು ಸುಧಾರಣೆ ಸಾಧ್ಯವೆಂದಾದರೆ ಅದು ಪರೀಕ್ಷೆಯದಾಗಲಿ ಎಂಬ ಅಭಿಪ್ರಾಯ ಕೊಟ್ಟಿತು. 1973ರಲ್ಲಿ ಧನಸಹಾಯ ಆಯೋಗ ಪರೀಕ್ಷಾ ಸುಧಾರಣೆಯ ಯೋಜನೆಯನ್ನು ಪ್ರಕಟಿಸಿ ಅಂಕದ ಬದಲು ಶ್ರೇಣಿಯನ್ನು ಸೂಚಿಸಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನೇ ಮತ್ತೆ ಹೇಳಿತು. 2015ರ ಮಾರ್ಗಸೂಚಿಯ ನಂತರವೇ ಈ ಪದ್ಧತಿ ವ್ಯಾಪಕವಾಗಿ ಸಣ್ಣ ಊರುಗಳ ಕಾಲೇಜುಗಳವರೆಗೆ ಬಂದದ್ದು. 2021ರಲ್ಲಿ ರಾಷ್ಟ್ರೀಯ ನೀತಿಯನ್ನು ಅನುಸರಿಸಿ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂದಿತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಪ್ರತಿ ಬದಲಾವಣೆಯಲ್ಲೂ ವಿಷಯಗಳ ಕ್ರೆಡಿಟ್ಟುಗಳು ಹೊಸದಾಗಿ ಹಂಚಿಕೆಯಾದವು.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಈ ಹಂಚಿಕೆಯ ಬಗೆಗೆ. ಮೇಲಿನ ಉದಾಹರಣೆಯ ಹುಡುಗಿಯನ್ನೇ ತೆಗೆದುಕೊಳ್ಳಿ. ಅವಳ ಒಂದು ಉತ್ತರವನ್ನೂ ಬದಲಿಸದೆ, ಕನ್ನಡಕ್ಕೆ 5 ಕ್ರೆಡಿಟ್, ಇತಿಹಾಸಕ್ಕೆ 3 ಎಂದು ಅದಲುಬದಲು ಮಾಡಿದರೆ ಮೊತ್ತ 150 ಆಗಿ ಸರಾಸರಿ 7.50 ಆಗುತ್ತದೆ. ಅವಳ ಜ್ಞಾನ ಹೆಚ್ಚಲಿಲ್ಲ, ತೂಕ ಬದಲಾಯಿತು. ಚಿನ್ನದ ತೂಕವನ್ನು ತಕ್ಕಡಿ ಹೇಳುತ್ತದೆ. ವಿಷಯದ ತೂಕವನ್ನು ಸಮಿತಿಯಲ್ಲಿ ಕುಳಿತ ಮನುಷ್ಯರು ಹೇಳುತ್ತಾರೆ. ಮಹಾವೀರನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಇರುವ ಮೊದಲ ವ್ಯತ್ಯಾಸ ಇದು.

ತೂಕದ ಪ್ರಶ್ನೆ ಬೀದಿಗೆ ಬಂದ ಒಂದು ಕಾಲವೂ ನಮ್ಮ ನಾಡಿನಲ್ಲಿತ್ತು. ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ವರದಿ ಕೊಟ್ಟು, ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕು, ಅದಕ್ಕೆ 150 ಅಂಕಗಳಿರಬೇಕು ಎಂದು ಸೂಚಿಸಿತು. 1982ರಲ್ಲಿ ಸಾಹಿತಿಗಳೂ ಕಲಾವಿದರೂ ಜನಸಾಮಾನ್ಯರೂ ಅದಕ್ಕಾಗಿ ಚಳವಳಿ ಹೂಡಿದರು. ಭಾಷೆಯ ಗೌರವದ ಪ್ರಶ್ನೆಯಾಗಿ ನಾವು ಅದನ್ನು ನೆನೆಯುತ್ತೇವೆ, ಅದು ಸರಿಯೇ. ಆದರೆ ಆ ಗೌರವ ಆಗ ಒಂದು ತೂಕದ ರೂಪದಲ್ಲಿ ಮುಂದೆ ನಿಂತಿತ್ತೆಂಬುದನ್ನು ಮರೆಯಬಾರದು. ಆಮೇಲೆ ದಶಕಗಳ ಕಾಲ ಎಸ್.ಎಸ್.ಎಲ್.ಸಿ.ಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಅಂದರೆ ಐದನೆಯ ಒಂದು ಪಾಲು, ನಡೆದುಬಂದಿತು. ಅದೇ ಭಾಷೆಗೆ ಪದವಿಯ ಹಂತದಲ್ಲಿ ಎಷ್ಟು ಕ್ರೆಡಿಟ್ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಅಂಕವೆಂಬ ಮಾತು ಎಲ್ಲರಿಗೂ ತಿಳಿದಿತ್ತು, ಆದುದರಿಂದ ಜನ ಬೀದಿಗಿಳಿದರು. ಕ್ರೆಡಿಟ್ ಎಂಬ ಮಾತು ತಿಳಿಯದಿರುವುದರಿಂದ ಹಂಚಿಕೆ ಸದ್ದಿಲ್ಲದೆ ನಡೆದುಹೋಗುತ್ತದೆ.

ಎರಡನೆಯ ತೊಡಕು ಮರುಭಾಷಾಂತರದ್ದು. ಗ್ರೇಡಿನಲ್ಲಿ ಅಳೆದ ವಿದ್ಯಾರ್ಥಿಯನ್ನು ಕೆಲಸ ಕೊಡುವವರು ‘ಶೇಕಡಾ ಎಷ್ಟು?’ ಎಂದೇ ಕೇಳುತ್ತಾರೆ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ 2017ರವರೆಗೆ ಹತ್ತನೆಯ ತರಗತಿಗೆ ಸರಾಸರಿಯನ್ನು 9.5ರಿಂದ ಗುಣಿಸು ಎಂದಿತ್ತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಪಠ್ಯಯೋಜನೆಯಲ್ಲಿ ಸರಾಸರಿಯಿಂದ 0.75 ಕಳೆದು ಹತ್ತರಿಂದ ಗುಣಿಸುವ ಸೂತ್ರವಿತ್ತು. ಹತ್ತರಿಂದ ನೇರವಾಗಿ ಗುಣಿಸುವವರೂ ಇದ್ದಾರೆ. ಸರಾಸರಿ 6.50 ಎಂದಿಟ್ಟುಕೊಂಡರೆ ಮೊದಲ ಸೂತ್ರಕ್ಕೆ 61.75, ಎರಡನೆಯದಕ್ಕೆ 57.50, ಮೂರನೆಯದಕ್ಕೆ 65. ಅರವತ್ತರ ಗೆರೆ ಎಳೆದ ಕಚೇರಿಯಲ್ಲಿ ಒಂದೇ ಸಂಖ್ಯೆಯ ಒಬ್ಬ ಒಳಗೆ ಹೋಗುತ್ತಾನೆ, ಇನ್ನೊಬ್ಬ ಹೊರಗೆ ಉಳಿಯುತ್ತಾನೆ. ಆದುದರಿಂದ ಅಂಕಪಟ್ಟಿಯ ಜೊತೆಗೆ ತನ್ನ ವಿಶ್ವವಿದ್ಯಾಲಯದ ಪರಿವರ್ತನಾ ಸೂತ್ರವನ್ನೂ ವಿದ್ಯಾರ್ಥಿ ಕೈಯಲ್ಲಿಟ್ಟುಕೊಂಡಿರುವುದು ಲೇಸು.

ಮೂರನೆಯದು ಎಲ್ಲಕ್ಕಿಂತ ಹಿರಿದು. ಸರಾಸರಿಗೆ ಒಂದು ಮಿತಿ ಇದೆ ಎಂಬುದನ್ನು ನಮ್ಮ ಭಾಗದವರು ಸಿಮೆಂಟಿನಿಂದಲೇ ಕಲಿಯಬಹುದು. ವಾಡಿ, ಮಳಖೇಡ, ಸೇಡಂಗಳು ಸುಣ್ಣಕಲ್ಲಿನ ಮೇಲೆ ಕುಳಿತ ಊರುಗಳು. ಶಹಾಬಾದಿನ ಹಾಸುಗಲ್ಲು ದೇಶವಿಡೀ ಹೆಸರಾದುದು. ಸಿಮೆಂಟಿನ ಚೀಲದ ಮೇಲೆ 43, 53 ಎಂಬ ಗ್ರೇಡುಗಳಿರುವುದನ್ನು ನೀವು ನೋಡಿದ್ದೀರಿ. ಗಾರೆಯ ಘನಗಳನ್ನು ಮಾಡಿ, ಇಪ್ಪತ್ತೆಂಟು ದಿನ ನೀರಿನಲ್ಲಿ ಹದಗೊಳಿಸಿ, ಮೂರು ಘನಗಳನ್ನು ಒತ್ತಿ ಒಡೆದು, ಅವುಗಳ ಸರಾಸರಿಯಿಂದ ಆ ಬಲವನ್ನು ನಿರ್ಧರಿಸುತ್ತಾರೆ. ಕಾಂಕ್ರೀಟನ್ನು ಪರೀಕ್ಷಿಸುವಾಗಲೂ ಮೂರು ಘನಗಳ ಸರಾಸರಿಯೇ ಲೆಕ್ಕ. ಆದರೆ ಅಲ್ಲಿ ಭಾರತೀಯ ಮಾನಕ ಒಂದು ಷರತ್ತನ್ನು ಹಾಕುತ್ತದೆ. ಮೂರರಲ್ಲಿ ಯಾವುದೇ ಒಂದು ಘನ ಸರಾಸರಿಗಿಂತ ಶೇಕಡಾ 15ಕ್ಕೂ ಹೆಚ್ಚು ಮೇಲೋ ಕೆಳಗೋ ಹೋದರೆ ಆ ಫಲಿತಾಂಶವೇ ಅಸಿಂಧು. 29, 30, 31ರ ಸರಾಸರಿಯೂ 30. 20, 30, 40ರ ಸರಾಸರಿಯೂ 30. ಮೊದಲನೆಯದನ್ನು ಎಂಜಿನಿಯರ್ ಒಪ್ಪುತ್ತಾನೆ, ಎರಡನೆಯದನ್ನು ಒಪ್ಪುವುದಿಲ್ಲ.

ಕಲ್ಲುಗಾರೆಗೆ ತೋರುವ ಈ ವಿವೇಕವನ್ನು ನಾವು ಮಕ್ಕಳಿಗೆ ತೋರುವುದಿಲ್ಲ. ಸಮಾನ ತೂಕದ ನಾಲ್ಕು ಪತ್ರಿಕೆಗಳಲ್ಲಿ 7, 7, 7, 7 ಪಡೆದವನಿಗೂ 7.00, 10, 10, 4, 4 ಪಡೆದವನಿಗೂ 7.00. ಮೊದಲಿನವನು ಎಲ್ಲವನ್ನೂ ಸಮನಾಗಿ ಬಲ್ಲವನು. ಎರಡನೆಯವನು ಎರಡು ವಿಷಯಗಳಲ್ಲಿ ಅಸಾಧಾರಣನು, ಉಳಿದೆರಡರಲ್ಲಿ ಏನೋ ಅಡ್ಡಿ ಇರುವವನು. ಚಿಂಚೋಳಿಯ ತಾಂಡಾದಿಂದ ಬರುವ ಹುಡುಗನ ಮನೆಮಾತು ಲಂಬಾಣಿ, ಸಂತೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ, ಪುಸ್ತಕದ ಮಾತು ಹಲವು ಸಲ ಇಂಗ್ಲಿಷ್. ಅವನ ಊರಿಗೆ ರೈಲಿಲ್ಲ; ಬಸ್ಸು ತಪ್ಪಿದ ದಿನ ಪಾಠವೂ ತಪ್ಪುತ್ತದೆ. ಅವನ ಇಂಗ್ಲಿಷಿನ 4 ಏನನ್ನು ಹೇಳುತ್ತದೆ, ಗಣಿತದ 10 ಏನನ್ನು ಹೇಳುತ್ತದೆ ಎಂದು ಬಿಡಿಬಿಡಿಯಾಗಿ ನೋಡಿದರೆ ಅವನಿಗೆ ಮಾಡಬೇಕಾದ ನೆರವು ಯಾವುದೆಂದು ಹೊಳೆಯುತ್ತದೆ. 7.00 ಎಂಬ ಒಂದೇ ಸಂಖ್ಯೆಯನ್ನು ನೋಡಿದರೆ ಏನೂ ಹೊಳೆಯುವುದಿಲ್ಲ. ಉಸ್ಮಾನಿಯಾದ ಕಾಲದ ಕನ್ನಡ ಹುಡುಗನ ಅಂಕದಲ್ಲಿ ಅಡಗಿದ್ದ ಕಾಣದ ತೂಕ ಈ ಹುಡುಗನ ಸರಾಸರಿಯಲ್ಲೂ ಅಡಗಿದೆ. ಭಾಷೆಯ ಹೆಸರು ಮಾತ್ರ ಬೇರೆ.

ಇಷ್ಟೆಲ್ಲ ಹೇಳಿದೆನೆಂದು ಸರಾಸರಿಯೇ ಬೇಡವೆಂಬ ವಾದ ನನ್ನದಲ್ಲ. ಸಾವಿರಾರು ಮಂದಿ ವಿದ್ಯಾರ್ಥಿಗಳನ್ನು ಅಪರಿಚಿತರು ನ್ಯಾಯವಾಗಿ ಹೋಲಿಸಬೇಕಾದಲ್ಲಿ ಯಾವುದೋ ಒಂದು ಸಂಖ್ಯೆ ಬೇಕೇಬೇಕು. ಶಿಫಾರಸಿನ ಪತ್ರಕ್ಕಿಂತ, ಜಾತಿಯ ಪರಿಚಯಕ್ಕಿಂತ, ಸಂಖ್ಯೆ ಎಷ್ಟೋ ಮೇಲು. ಆಯ್ಕೆಯ ಸ್ವಾತಂತ್ರ್ಯವನ್ನು ವಿದ್ಯಾರ್ಥಿಗೆ ಕೊಡಬೇಕಾದರೆ ತೂಕದ ಸರಾಸರಿಗಿಂತ ಒಳ್ಳೆಯ ಉಪಾಯ ಇದುವರೆಗೆ ಕಂಡುಬಂದಿಲ್ಲ. ಗಣಿತ ನಿರ್ದೋಷಿ, ಒಂಬತ್ತನೆಯ ಶತಮಾನದಲ್ಲೂ ಅದು ಸರಿಯಾಗಿತ್ತು, ಇಂದೂ ಸರಿಯಾಗಿದೆ. ನಾವು ಕೇಳಬೇಕಾದುದು ಆ ಗಣಿತಕ್ಕೆ ಉಣಿಸಿದ ತೂಕಗಳು ಯಾರವು ಎಂಬುದನ್ನು.

ಮೂಸೆಗೆ ಹಾಕಿದ ಚಿನ್ನದ ತುಂಡುಗಳು ಕರಗಿ ಒಂದಾದ ಮೇಲೆ ಯಾವುದು ಹದಿನಾರು ಬಣ್ಣದ್ದು, ಯಾವುದು ಹತ್ತು ಬಣ್ಣದ್ದು ಎಂದು ಅಕ್ಕಸಾಲೆಯೂ ಹೇಳಲಾರ. ವಿದ್ಯಾರ್ಥಿಯ ಕಲಿಕೆ ಹಾಗೆ ಕರಗಿಹೋಗುವುದಿಲ್ಲ. ಅಂಕಪಟ್ಟಿಯ ಸಾಲುಗಳಲ್ಲಿ ಬಿಡಿಬಿಡಿಯಾಗಿ ಉಳಿದಿರುತ್ತದೆ. ತಂದೆತಾಯಿಗಳು ಕೊನೆಯ ಸಾಲಿನ ಸಂಖ್ಯೆಯೊಂದನ್ನೇ ನೋಡಿ ಕಾಗದವನ್ನು ಮಡಿಸಿಡದೆ, ಮಗುವನ್ನು ಹತ್ತಿರ ಕೂರಿಸಿಕೊಂಡು ಮೇಲಿನಿಂದ ಒಂದೊಂದೇ ಸಾಲನ್ನು ಓದಲಿ. ಯಾವುದಕ್ಕೆ ಎಷ್ಟು ಕ್ರೆಡಿಟ್ ಎಂದು ಕೇಳಲಿ. ಅಧ್ಯಾಪಕರು ತರಗತಿಯ ಮೊದಲ ದಿನವೇ ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಲಿ. ಮಾನ್ಯಖೇಟದ ನೆಲದ ಮಕ್ಕಳಿಗೆ ಇದು ಹೊರಗಿನಿಂದ ಬಂದ ವಿದ್ಯೆಯೆಂಬ ಅಳುಕು ಬೇಕಾಗಿಲ್ಲ.